ಹಿಂದೆ ಕುಳಿತವರನ್ನೂ ಲೆಕ್ಕಕ್ಕೆ ಹಿಡಿಯಿರಿ

ಮನೆಬಳಕೆಯ ವಿಜ್ಞಾನ

ಹಿರೇಕೆರೂರು ತಾಲೂಕಿನ ಅಬಲೂರಿನಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ಮಗನಿಗೆ ರಾಣೇಬೆನ್ನೂರಿನಲ್ಲಿ ಕೆಲಸ ಸಿಕ್ಕಿದೆ. ದಿನವೂ ಹೋಗಿ ಬರಲು ಬೈಕ್ ಬೇಕು. ಹಳೆಯ ಕಾಲದ ಬುಲೆಟ್‌ನಂತೆ ಕಾಣುವ ಬೈಕ್‌ಗಳ ಮೇಲೆ ಅವನಿಗೆ ಮನಸ್ಸು. ಆದರೆ ಅಂಥವು ಈಗ ಒಂದೆರಡಲ್ಲ, ಹಲವು ಕಂಪೆನಿಗಳಿಂದ ಬಂದಿವೆ. ಗೆಳೆಯರೆಲ್ಲ ಸೇರಿ ಯಾವುದರ ಪಿಕಪ್ ಹೆಚ್ಚು, ಯಾವುದು ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂದು ರಾತ್ರಿಯವರೆಗೂ ವಾದಿಸುತ್ತಾರೆ. ಕೊನೆಯಲ್ಲಿ ಆ ತಾಯಿ ಕೇಳಿರುವ ಪ್ರಶ್ನೆ ಹೀಗಿದೆ: “ದುಡ್ಡು ಹೊಂದಿಸುವವರು ನಾವು. ಹಿರೇಕೆರೂರಿನ ದವಾಖಾನೆಗೆ, ಸಂತೆಗೆ, ನೆಂಟರ ಮನೆಗೆ ಅವನ ಹಿಂದೆ ಕೂತು ಹೋಗುವವಳು ನಾನು. ಪಿಕಪ್ ಹೆಚ್ಚಿದ್ದರೆ ಒಳ್ಳೆಯದೋ, ಕಡಿಮೆ ಇದ್ದರೆ ಒಳ್ಳೆಯದೋ? ನನಗೆ ತಿಳಿಯುವ ಹಾಗೆ ಹೇಳಿ.”

ಇದು ಒಂದೇ ಮನೆಯ ಪ್ರಶ್ನೆಯಲ್ಲ. ಮದುವೆ ವಯಸ್ಸಿನ ಮಗನಿರುವ ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತದೆ. ಸಾಮಾನ್ಯವಾಗಿ ಮಗ ಮಾತನಾಡುತ್ತಾನೆ, ತಂದೆ ಬೆಲೆ ಕೇಳುತ್ತಾರೆ, ತಾಯಿ ಸುಮ್ಮನೆ ದುಆ ಮಾಡುತ್ತಾಳೆ. ಈ ತಾಯಿ ಪ್ರಶ್ನೆ ಕೇಳಿದ್ದಾರೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡೋಣ.

ಪಿಕಪ್ ಎಂದರೇನು?

ನಮ್ಮ ಹುಡುಗರು ಪಿಕಪ್ ಎನ್ನುವುದನ್ನೇ ಶಾಲೆಯ ಪುಸ್ತಕ ವೇಗೋತ್ಕರ್ಷ ಎನ್ನುತ್ತದೆ. ಬೈಕ್ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಒಂದು ಮಾತು. ಎಷ್ಟು ಬೇಗ ಆ ವೇಗಕ್ಕೆ ಏರುತ್ತದೆ ಎಂಬುದು ಬೇರೆಯೇ ಮಾತು. ಎರಡನೆಯದು ಪಿಕಪ್. ಇದು ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಒಂದು, ಎಂಜಿನ್ ಚಕ್ರಕ್ಕೆ ಕೊಡುವ ಬಲ. ಇನ್ನೊಂದು, ಆ ಬಲ ಎಳೆಯಬೇಕಾದ ತೂಕ. ಬಲ ಹೆಚ್ಚಿದಷ್ಟೂ ಪಿಕಪ್ ಹೆಚ್ಚು, ತೂಕ ಹೆಚ್ಚಿದಷ್ಟೂ ಕಡಿಮೆ. ಖಾಲಿ ಚಕ್ಕಡಿಯನ್ನು ಎತ್ತುಗಳು ಹೇಗೆ ಎಳೆಯುತ್ತವೆ, ಗೋವಿನಜೋಳದ ಚೀಲ ಹೇರಿದ ಚಕ್ಕಡಿಯನ್ನು ಹೇಗೆ ಎಳೆಯುತ್ತವೆ ಎಂದು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹುಡುಗರ ವಾದದಲ್ಲಿ ಮೊದಲನೆಯ ಸಂಗತಿ ಮಾತ್ರ ಬರುತ್ತದೆ. ಎಷ್ಟು ಸಿಸಿ, ಎಷ್ಟು ಅಶ್ವಶಕ್ತಿ ಎಂದು ಬಾಯಿಪಾಠ ಹೇಳುತ್ತಾರೆ. ತೂಕದ ಮಾತು ಬಂದರೂ ಬೈಕ್‌ನ ತೂಕಕ್ಕೆ ನಿಲ್ಲುತ್ತದೆ. ಅದರ ಮೇಲೆ ಕುಳಿತವರ ತೂಕವನ್ನು ಯಾರೂ ಕೂಡಿಸುವುದಿಲ್ಲ.

ಕುಂಬಾರನ ತಿಗರಿ

ಹಳೆಯ ಮಾದರಿಯ ಈ ಬೈಕ್‌ಗಳಲ್ಲಿ ಒಂದೇ ಸಿಲಿಂಡರ್ ಇರುತ್ತದೆ. ಅದರ ಸ್ವಭಾವವನ್ನು ತಿಳಿಯಲು ಅಬಲೂರಿನವರು ದೂರ ಹೋಗಬೇಕಾಗಿಲ್ಲ. ಸರ್ವಜ್ಞನ ತಾಯಿ ಅಬಲೂರಿನ ಕುಂಬಾರ ಮನೆತನದವಳು ಎಂಬ ಐತಿಹ್ಯ ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಕುಂಬಾರನ ತಿಗರಿಯನ್ನು ನೆನಪಿಗೆ ತಂದುಕೊಳ್ಳಿ. ಕೋಲಿನಿಂದ ಜೋರಾಗಿ ತಿರುಗಿಸಿ ಬಿಟ್ಟರೆ ಅದು ತನ್ನ ತೂಕದ ಬಲದಿಂದಲೇ ಬಹಳ ಹೊತ್ತು ತಿರುಗುತ್ತದೆ. ಆ ಹೊತ್ತಿನಲ್ಲಿ ಕುಂಬಾರ ಎರಡೂ ಕೈಗಳಿಂದ ಮಡಕೆ ಮಾಡುತ್ತಾನೆ.

ನಾಲ್ಕು ಹೊಡೆತದ, ಅಂದರೆ ಫೋರ್ ಸ್ಟ್ರೋಕ್, ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಮಾತ್ರ ಪೆಟ್ರೋಲ್ ಉರಿದು ಪಿಸ್ಟನ್ನನ್ನು ನೂಕುತ್ತದೆ. ಉಳಿದ ಒಂದೂವರೆ ಸುತ್ತು ಅದು ತನ್ನಷ್ಟಕ್ಕೆ ತಿರುಗಬೇಕು. ಹಾಗೆ ತಿರುಗಿಸಲು ಒಳಗೆ ಒಂದು ಭಾರವಾದ ಚಕ್ರ ಇರುತ್ತದೆ. ಅದಕ್ಕೆ ಫ್ಲೈವೀಲ್ ಎನ್ನುತ್ತಾರೆ. ಅದು ಎಂಜಿನ್ನಿನ ತಿಗರಿ. ಸಿಲಿಂಡರ್ ಒಂದೇ ಆದ್ದರಿಂದ ಈ ತಿಗರಿ ದೊಡ್ಡದಿರಬೇಕು. ಬುಲೆಟ್ ನಿಂತಲ್ಲೇ ನಿಧಾನವಾಗಿ ಧಡ್ ಧಡ್ ಎನ್ನುತ್ತಾ ಆರಿಹೋಗದೆ ಓಡುವುದು ಇದರಿಂದಲೇ. ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಸೆಕೆಂಡಿಗೆ ಎಂಟು ಹೊಡೆತ ಮಾತ್ರ. ಆದ್ದರಿಂದಲೇ ಒಂದೊಂದು ಹೊಡೆತವೂ ಕಿವಿಗೆ ಬೇರೆಬೇರೆಯಾಗಿ ಕೇಳುತ್ತದೆ.

ಭಾರವಾದ ತಿಗರಿಗೆ ಒಂದು ಗುಣವಿದೆ, ಒಂದು ದೋಷವಿದೆ. ತಿರುಗತೊಡಗಿದ ಮೇಲೆ ಬೇಗ ನಿಲ್ಲುವುದಿಲ್ಲ, ಇದು ಗುಣ. ಬೇಗ ವೇಗ ಏರುವುದಿಲ್ಲ, ಇದು ದೋಷ. ಹಳೆಯ ಮಾದರಿಯ ಬೈಕ್‌ನ ಹಿತವಾದ ಓಟವೂ ನಿಧಾನವಾದ ಪಿಕಪ್ಪೂ ಒಂದೇ ಬೇರಿನಿಂದ ಬಂದಿವೆ. ಧ್ವನಿ ಗಡಸಾಗಿದ್ದರೆ ಪಿಕಪ್ ಹೆಚ್ಚು ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಸೈಲೆನ್ಸರ್ ಬದಲಾಯಿಸಿ ಊರೆಲ್ಲ ಎಬ್ಬಿಸುವ ಬೈಕ್ ತನ್ನ ಸದ್ದಿನಿಂದಾಗಿ ಒಂದು ಮೀಟರ್ ಕೂಡ ಮುಂದೆ ಹೋಗುವುದಿಲ್ಲ.

ಬೀಸುಕಲ್ಲಿನ ಗೂಟ

ಇನ್ನೊಂದು ವಿಷಯವನ್ನು ಬೀಸುಕಲ್ಲಿನಿಂದ ತಿಳಿಯೋಣ. ಬೀಸುಕಲ್ಲಿನ ಗೂಟ ನಡುವಿನಿಂದ ದೂರವಿದ್ದರೆ ಕೈ ದೊಡ್ಡ ಸುತ್ತು ಸುತ್ತಬೇಕು. ಆದ್ದರಿಂದ ಹೆಚ್ಚು ವೇಗವಾಗಿ ಬೀಸಲಾಗದು. ಗೂಟ ಹತ್ತಿರವಿದ್ದರೆ ಸಣ್ಣ ಸುತ್ತು, ಬೇಗ ಬೇಗ ತಿರುಗಿಸಬಹುದು. ಎಂಜಿನ್ನಿನ ಒಳಗೂ ಹೀಗೆಯೇ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಹಳೆಯ 350 ಸಿಸಿ ಬುಲೆಟ್‌ನಲ್ಲಿ ಈ ದೂರ 90 ಮಿಲಿಮೀಟರ್. 2021ರಲ್ಲಿ ಹೊಸ ಎಂಜಿನ್‌ನೊಂದಿಗೆ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 85.8 ಮಿಲಿಮೀಟರ್. 2020ರಲ್ಲಿ ಬಂದ ಹೋಂಡಾ ಹೈನೆಸ್ ಸಿಬಿ 350ರಲ್ಲಿ 90.5. ಇವೆಲ್ಲ ಉದ್ದ ಓಟದ ಎಂಜಿನ್‌ಗಳು. 2023ರ ಜುಲೈನಲ್ಲಿ ಬಂದ ಟ್ರಯಂಫ್ ಸ್ಪೀಡ್ 400 ನೋಡಲು ಹಳೆಯ ಕಾಲದ ಬೈಕ್‌ನಂತಿದ್ದರೂ ಅದರ ಪಿಸ್ಟನ್ ಓಡುವುದು 64 ಮಿಲಿಮೀಟರ್ ಮಾತ್ರ.

ಇದರ ಪರಿಣಾಮ ಏನು? ಹೋಂಡಾ ತನ್ನ ಪೂರ್ಣ ಶಕ್ತಿಯನ್ನು ನಿಮಿಷಕ್ಕೆ 5500 ಸುತ್ತಿನಲ್ಲಿ ಕೊಡುತ್ತದೆ. ಟ್ರಯಂಫ್ ಕೊಡುವುದು 8000 ಸುತ್ತಿನಲ್ಲಿ. ಲೆಕ್ಕ ಹಾಕಿದರೆ ಆ ಹೊತ್ತಿನಲ್ಲಿ ಎರಡರ ಪಿಸ್ಟನ್ನೂ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲೇ ಓಡುತ್ತಿರುತ್ತದೆ. ಉದ್ದ ದಾರಿಯ ಪಿಸ್ಟನ್ ಹೆಚ್ಚು ಸುತ್ತು ಸುತ್ತಲಾರದು. ಆದ್ದರಿಂದ ಅಂಥ ಎಂಜಿನ್‌ಗೆ ಕಡಿಮೆ ಸುತ್ತಿನಲ್ಲೇ ಎಳೆಯುವ ಬಲ ಬರುವಂತೆ ಹೊಂದಿಸಿರುತ್ತಾರೆ. ಈ ಬಲಕ್ಕೆ ಟಾರ್ಕ್ ಎಂದು ಹೆಸರು. ಏರು ದಾರಿಯಲ್ಲಿ, ಇಬ್ಬರು ಕುಳಿತಾಗ, ಗೇರ್ ಬದಲಾಯಿಸದೆ ನಿಧಾನವಾಗಿ ಹೋಗುವಾಗ ಇದು ಅನುಕೂಲ. ಆದರೆ ಸೊನ್ನೆಯಿಂದ ನೂರು ಕಿಲೋಮೀಟರಿಗೆ ಏರುವ ಪಂದ್ಯದಲ್ಲಿ ಗೆಲ್ಲುವುದು ಹೆಚ್ಚು ಸುತ್ತುವ, ಹೆಚ್ಚು ಅಶ್ವಶಕ್ತಿಯ ಎಂಜಿನ್.

ಮೈಸೂರಿನ ಯೆಜ್ಡಿ

ಈ ವಾದ ಹೊಸದೇನೂ ಅಲ್ಲ. ನಮ್ಮ ತಂದೆ, ಚಿಕ್ಕಪ್ಪಂದಿರ ಕಾಲದಲ್ಲೂ ಇತ್ತು. ಆಗ ಅದು ಮದ್ರಾಸಿನ ಬುಲೆಟ್ ಮತ್ತು ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳ ನಡುವಿನ ವಾದವಾಗಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಬೈಕ್ ತಯಾರಿಕೆ ಆರಂಭವಾಯಿತು. ಯೆಜ್ಡಿ ಎಂಬ ಹೆಸರು ಇರಾನಿನ ಯಜ್ದ್ ನಗರದಿಂದ ಬಂದದ್ದು. ಕಾರ್ಖಾನೆ ಕಟ್ಟಿದ ಇರಾನಿ ಮನೆತನದ ಮೂಲ ಅಲ್ಲಿಯದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಯೆಜ್ಡಿಯ ಎಂಜಿನ್ 250 ಸಿಸಿಯದು. ಅದೂ ಒಂದೇ ಸಿಲಿಂಡರಿನದು, ಆದರೆ ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಅದರಲ್ಲಿ ಪ್ರತಿ ಸುತ್ತಿಗೂ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಅಂದರೆ ಬುಲೆಟ್ ಒಂದು ಸಲ ನೂಕುವಷ್ಟರಲ್ಲಿ ಯೆಜ್ಡಿ ಎರಡು ಸಲ ನೂಕುತ್ತದೆ. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ 16 ಅಶ್ವಶಕ್ತಿ ಕೊಡುತ್ತಿತ್ತು. ಹಳೆಯ 350 ಸಿಸಿ ಬುಲೆಟ್ ಕೊಡುತ್ತಿದ್ದದ್ದು 18. ಸಿಸಿಯಲ್ಲಿ ಯೆಜ್ಡಿ 100 ಕಡಿಮೆ ಇದ್ದರೂ ಶಕ್ತಿಯಲ್ಲಿ ಎರಡೇ ಕಡಿಮೆ, ತೂಕದಲ್ಲೂ ಹಗುರ. ಆದ್ದರಿಂದ ಸಿಸಿ ಹೆಚ್ಚಿದ್ದರೆ ಪಿಕಪ್ ಹೆಚ್ಚು ಎಂಬ ಮಾತು ಅಂದೂ ನಿಜವಾಗಿರಲಿಲ್ಲ, ಇಂದೂ ನಿಜವಲ್ಲ. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಈಗಿನದು ನಾಲ್ಕು ಹೊಡೆತದ ಎಂಜಿನ್. ಹೆಸರು ನೋಡಿ ಹಳೆಯ ಯೆಜ್ಡಿಯ ಓಟವನ್ನು ಅದರಲ್ಲಿ ಹುಡುಕಬಾರದು.

ಒಂದು ಕುದುರೆಗೆ ಎಷ್ಟು ಹೊರೆ?

ಈಗ ಹುಡುಗರ ವಾದವನ್ನು ಲೆಕ್ಕಕ್ಕೆ ತರೋಣ. ಕಷ್ಟದ ಗಣಿತವಲ್ಲ. ಬೈಕ್ ಮತ್ತು ಸವಾರರ ಒಟ್ಟು ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿದರೆ ಒಂದೊಂದು ‘ಕುದುರೆ’ಯ ಪಾಲಿಗೆ ಎಷ್ಟು ಕೆ.ಜಿ. ಹೊರೆ ಬರುತ್ತದೆ ಎಂದು ತಿಳಿಯುತ್ತದೆ. ಹೊರೆ ಕಡಿಮೆ ಇದ್ದಷ್ಟೂ ಪಿಕಪ್ ಹೆಚ್ಚು. ಗೇರ್‌ಗಳ ಹೊಂದಾಣಿಕೆಯಿಂದ ಸ್ವಲ್ಪ ಆಚೀಚೆ ಆದರೂ ಮನೆಯ ಲೆಕ್ಕಕ್ಕೆ ಇದು ಸಾಕು. ಸವಾರ ಹೆಲ್ಮೆಟ್ ಸಹಿತ 70 ಕೆ.ಜಿ. ಇದ್ದಾನೆ ಎಂದಿಟ್ಟುಕೊಳ್ಳಿ. ಹಿಂದೆ ಕುಳಿತವರು ಮತ್ತು ಅವರ ಕೈಚೀಲ ಸೇರಿ ಇನ್ನೊಂದು 70 ಕೆ.ಜಿ.

ಕ್ಲಾಸಿಕ್ 350ರ ತೂಕ 195 ಕೆ.ಜಿ., ಶಕ್ತಿ 20.2. ಒಬ್ಬನೇ ಹೋದರೆ ಒಂದು ಕುದುರೆಗೆ 13.1 ಕೆ.ಜಿ. ಹೊರೆ. ಇಬ್ಬರು ಹೋದರೆ 16.6.

ಹೋಂಡಾ ಹೈನೆಸ್‌ನ ತೂಕ 181 ಕೆ.ಜಿ., ಶಕ್ತಿ 20.8. ಒಬ್ಬನಿಗೆ 12.1, ಇಬ್ಬರಿಗೆ 15.4.

2024ರ ಜನವರಿಯಲ್ಲಿ ಬಂದ ಜಾವಾ 350ರ ತೂಕ 194 ಕೆ.ಜಿ., ಶಕ್ತಿ 22ಕ್ಕೆ ಸ್ವಲ್ಪ ಹೆಚ್ಚು. ಒಬ್ಬನಿಗೆ ಸುಮಾರು 12, ಇಬ್ಬರಿಗೆ ಸುಮಾರು 15.

ಟ್ರಯಂಫ್ ಸ್ಪೀಡ್ 400ರ ತೂಕ ಸುಮಾರು 176 ಕೆ.ಜಿ., ಶಕ್ತಿ 39.5. ಒಬ್ಬನಿಗೆ 6.2, ಇಬ್ಬರಿಗೆ 8.

ಈ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಮೊದಲ ಮೂರು ಬೈಕ್‌ಗಳ ನಡುವಿನ ಅಂತರ ಎಷ್ಟು? ಒಂದು ಕುದುರೆಗೆ ಸುಮಾರು ಒಂದು ಕೆ.ಜಿ. ಗೆಳೆಯರು ರಾತ್ರಿಯೆಲ್ಲ ವಾದಿಸುವುದು ಈ ಒಂದು ಕೆ.ಜಿ.ಯ ಬಗ್ಗೆ. ಆದರೆ ಅದೇ ಬೈಕ್‌ನ ಹಿಂದೆ ತಾಯಿ ಕುಳಿತಾಗ ಆಗುವ ಅಂತರ ಮೂರು ಕೆ.ಜಿ.ಗಿಂತ ಹೆಚ್ಚು! ಮೂರರಲ್ಲಿ ಅತಿ ಚುರುಕಾದ ಬೈಕ್ ಇಬ್ಬರನ್ನು ಹೊತ್ತಾಗ, ಮೂರರಲ್ಲಿ ಅತಿ ನಿಧಾನದ್ದು ಒಬ್ಬನನ್ನು ಹೊತ್ತದ್ದಕ್ಕಿಂತ ನಿಧಾನ. ಬೈಕ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಹಿಂದಿನ ಸೀಟು ತರುವ ವ್ಯತ್ಯಾಸವೇ ದೊಡ್ಡದು. ಬೈಕ್‌ಗಳನ್ನು ಪರೀಕ್ಷಿಸುವವರು ಖಾಲಿ ರಸ್ತೆಯಲ್ಲಿ, ಒಬ್ಬನೇ ಸವಾರನೊಂದಿಗೆ, ಪೂರ್ತಿ ರೇಸ್ ಕೊಟ್ಟು ಪರೀಕ್ಷಿಸುತ್ತಾರೆ. ನಮ್ಮ ಮನೆಗಳ ಬೈಕ್ ಓಡುವುದು ಬೇರೆ ರೀತಿಯಲ್ಲಿ.

ನಾಲ್ಕನೆಯ ಬೈಕ್ ಮಾತ್ರ ಬೇರೆ ಜಾತಿಯದು. ನೂರು ಕಿಲೋಮೀಟರ್ ವೇಗಕ್ಕೆ ಏರಲು ಕ್ಲಾಸಿಕ್‌ಗೆ ಬೇಕಾಗುವ ಸಮಯದ ಸುಮಾರು ಅರ್ಧದಲ್ಲೇ ಅದು ಏರಿಬಿಡುತ್ತದೆ. ನೋಟ ಒಂದೇ ಎಂದು ಅದನ್ನೂ ಇವುಗಳ ಜೊತೆ ಸೇರಿಸಿ, “ಎಲ್ಲವೂ ಹಳೇ ಮಾಡೆಲ್ ಬೈಕ್‌ಗಳೇ, ನಿಧಾನವಾಗಿಯೇ ಹೋಗುತ್ತವೆ” ಎಂದು ತಾಯಂದಿರು ಸಮಾಧಾನ ಪಟ್ಟುಕೊಳ್ಳಬಾರದು.

ಟ್ರ್ಯಾಕ್ಟರ್ ದಾಟುವಾಗ

“ಆದರೂ ಪಿಕಪ್ ಹೆಚ್ಚಿದ್ದರೆ ಓವರ್‌ಟೇಕ್ ಮಾಡಲು ಸುರಕ್ಷಿತವಲ್ಲವೇ?” ಎಂದು ಮಗ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದನ್ನೂ ಲೆಕ್ಕ ಹಾಕೋಣ.

ಸುಗ್ಗಿಯ ದಿನಗಳು. ಮುಂದೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಅದರ ಒಟ್ಟು ಉದ್ದ 15 ಮೀಟರ್. ಅದರ ಹಿಂದೆ 10 ಮೀಟರ್ ಅಂತರದಲ್ಲಿ ಮಗ ಅದೇ ವೇಗದಲ್ಲಿ ಬರುತ್ತಿದ್ದಾನೆ. ದಾಟಿ 10 ಮೀಟರ್ ಮುಂದೆ ಹೋಗಿ ಎಡಕ್ಕೆ ಬರಬೇಕು. ಎದುರಿನಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಸ್ಸು ಬರುತ್ತಿದೆ. ಗೇರ್ ಇಳಿಸದೆ, ಸಾಧಾರಣವಾಗಿ ರೇಸ್ ಕೊಟ್ಟರೆ ಅವನ ವೇಗ ಪ್ರತಿ ಸೆಕೆಂಡಿಗೆ ಐದೂವರೆ ಕಿ.ಮೀ.ನಷ್ಟು ಏರುತ್ತದೆ ಎಂದಿಟ್ಟುಕೊಳ್ಳಿ.

ಒಬ್ಬನೇ ಇದ್ದರೆ ದಾಟಲು ಸುಮಾರು 6.8 ಸೆಕೆಂಡ್ ಬೇಕು. ಅಷ್ಟರಲ್ಲಿ ಅವನು 82 ಮೀಟರ್, ಬಸ್ಸು 114 ಮೀಟರ್ ಬಂದಿರುತ್ತದೆ. ಅಂದರೆ ಅವನು ಬಲಕ್ಕೆ ಹೊರಳುವಾಗ ಬಸ್ಸು ಕನಿಷ್ಠ 200 ಮೀಟರ್ ದೂರದಲ್ಲಿರಬೇಕು. ಪಿಕಪ್ ಶೇಕಡಾ 8ರಷ್ಟು ಹೆಚ್ಚಿರುವ ಬೈಕ್ ಆಗಿದ್ದರೆ ಉಳಿಯುವುದು ಕಾಲು ಸೆಕೆಂಡ್, ಆರು ಮೀಟರ್. ಹಿಂದೆ ತಾಯಿ ಕುಳಿತಿದ್ದರೆ ಬೇಕಾಗುವುದು 7.7 ಸೆಕೆಂಡ್, 20 ಮೀಟರ್ ಹೆಚ್ಚಿನ ಜಾಗ. ಹೊಸ ಬೈಕ್‌ನ ಪಿಕಪ್ ಉಳಿಸಿಕೊಟ್ಟ ಆರು ಮೀಟರಿನ ಮೂರು ಪಟ್ಟಿಗೂ ಹೆಚ್ಚು ಇಲ್ಲಿ ಖರ್ಚಾಯಿತು.

ಒಬ್ಬನೇ ಓಡಾಡಿ ರೂಢಿಯಾದ ಹುಡುಗನ ಕಣ್ಣು ಒಬ್ಬನ ಲೆಕ್ಕದಲ್ಲೇ ದೂರ ಅಳೆಯುತ್ತದೆ. ದಿನವೂ ರಾಣೇಬೆನ್ನೂರಿಗೆ ಹೋಗಿ ಬರುವಾಗ ಇಷ್ಟು ಜಾಗದಲ್ಲಿ ದಾಟಬಹುದು ಎಂದು ಅವನ ಕೈಗೆ ಅಭ್ಯಾಸವಾಗಿರುತ್ತದೆ. ಭಾನುವಾರ ತಾಯಿಯನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಹೋಗುವಾಗಲೂ ಅದೇ ಅಂದಾಜಿನಲ್ಲಿ ಹೊರಳುತ್ತಾನೆ. ಬೈಕ್ ಎಂದಿನಂತೆ ಏಳುವುದಿಲ್ಲ. ಬಸ್ಸು ಎಂದಿನಂತೆಯೇ ಬರುತ್ತದೆ. ಅಪಾಯ ಇರುವುದು ಇಲ್ಲಿ.

ಹಾಗಾದರೆ ಎರಡು ಪಟ್ಟು ಪಿಕಪ್ ಇರುವ ಬೈಕ್ ತಂದರೆ? ಆಗ ಐದು ಸೆಕೆಂಡಿನೊಳಗೆ, 150 ಮೀಟರ್ ಜಾಗದಲ್ಲಿ ದಾಟಬಹುದು. ಇದು ನಿಜವಾದ ಅನುಕೂಲವೇ. ಆದರೆ ದಾಟಿ ಮುಗಿಯುವಾಗ ಅವನ ವೇಗ 62ರ ಬದಲು 77 ಆಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡ್ ಸೇರಿಸಿ, ಗಂಟೆಗೆ 60 ಕಿ.ಮೀ.ನಲ್ಲಿದ್ದ ಬೈಕ್ ನಿಲ್ಲಲು ಸುಮಾರು 40 ಮೀಟರ್ ಬೇಕು. 77ರಲ್ಲಿದ್ದರೆ ಸುಮಾರು 60 ಮೀಟರ್. ಇನ್ನು ನಮ್ಮ ಕಡೆಯ ರಸ್ತೆ ಹೇಗಿರುತ್ತದೆ? ಸುಗ್ಗಿಯಲ್ಲಿ ಡಾಂಬರಿನ ಅರ್ಧಕ್ಕೆ ಗೋವಿನಜೋಳ ಒಣಗಲು ಹರಡಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಟೈರು ರಸ್ತೆಯನ್ನು ಹಿಡಿಯುವುದೇ ಇಲ್ಲ. ಪಿಕಪ್ ಕೊಡುವುದು ಎಂಜಿನ್, ಆದರೆ ನಿಲ್ಲಿಸುವುದು ರಸ್ತೆ. ಎಂಜಿನ್ನನ್ನು ದುಡ್ಡು ಕೊಟ್ಟು ಕೊಳ್ಳಬಹುದು, ರಸ್ತೆಯನ್ನು ಕೊಳ್ಳಲಾಗದು.

ಹಿಂದಿನ ಸೀಟಿನಲ್ಲಿ ಏನಾಗುತ್ತದೆ?

ರೇಸ್ ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಎಂದು ಮೊದಲೇ ಗೊತ್ತಿರುತ್ತದೆ. ಹ್ಯಾಂಡಲ್ ಹಿಡಿದಿರುತ್ತಾನೆ, ಮುಂದಕ್ಕೆ ಬಾಗುತ್ತಾನೆ. ಹಿಂದೆ ಕುಳಿತವರಿಗೆ ಗೊತ್ತಾಗುವುದು ಜಗ್ಗಿದ ಮೇಲೆಯೇ. ಸೆಕೆಂಡಿಗೆ ಐದೂವರೆ ಕಿ.ಮೀ.ನಂತೆ ವೇಗ ಏರುವಾಗ 55 ಕೆ.ಜಿ. ತೂಕದ ಹೆಂಗಸನ್ನು ಎಂಟು ಕೆ.ಜಿ.ಯಷ್ಟು ಬಲ ಹಿಂದಕ್ಕೆ ಎಳೆದಂತಾಗುತ್ತದೆ. ಪಿಕಪ್ ಎರಡು ಪಟ್ಟಾದರೆ ಈ ಎಳೆತ 17 ಕೆ.ಜಿ.ಯಷ್ಟು. ಒಂದು ಬದಿಗೆ ಎರಡೂ ಕಾಲು ಹಾಕಿ ಕುಳಿತವರಿಗೆ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗು ಅಥವಾ ದುಪಟ್ಟಾ ಹಿಡಿದವರಿಗೆ ಇದನ್ನು ತಡೆಯಲು ಆಸರೆ ಎಲ್ಲಿದೆ?

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರ ವಾಹನದವರು. ಆ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಬೈಕ್ ಓಡಿಸುತ್ತಿರಲೇ ಇಲ್ಲ, ಹಿಂದೆ ಕುಳಿತಿದ್ದರು. ಓಡಿಸುವವನಿಗೆ ಹೆಲ್ಮೆಟ್ ಕೊಡಿಸಿ ಹಿಂದೆ ಬರಿತಲೆಯಲ್ಲಿ ಕೂರುವ ತಾಯಂದಿರು ಈ ಸಂಖ್ಯೆಯನ್ನು ನೆನಪಿಡಬೇಕು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ 2016ರಲ್ಲೇ ಕಡ್ಡಾಯವಾಗಿದೆ.

ಸೆರಗು, ದುಪಟ್ಟಾ, ಬುರ್ಖಾಗಳ ಅಂಚು ಚಕ್ರಕ್ಕೋ ಚೈನಿಗೋ ಸಿಕ್ಕಿಕೊಳ್ಳುವುದು ಇನ್ನೊಂದು ಅಪಾಯ. ಬೈಕ್ ವೇಗ ಏರುವಾಗ ಬಟ್ಟೆ ಹಿಂದಕ್ಕೆ ಹಾರುತ್ತದೆ, ಅಲ್ಲಿಯೇ ಚಕ್ರವಿದೆ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಇದನ್ನೇ ನಾವು ಸ್ಯಾರಿ ಗಾರ್ಡ್ ಎನ್ನುವುದು. ಬೈಕ್ ಮನೆಗೆ ಬಂದ ವಾರದಲ್ಲೇ “ಚೆನ್ನಾಗಿ ಕಾಣುವುದಿಲ್ಲ” ಎಂದು ಹುಡುಗರು ಬಿಚ್ಚಿಸಿ ಹಾಕುವ ಮೊದಲ ವಸ್ತುವೂ ಇದೇ. ಅದನ್ನು ಬಿಚ್ಚಲು ಬಿಡಬೇಡಿ.

ಕೊಳ್ಳುವ ಮೊದಲು

ಸಹೋದರಿಯ ಪ್ರಶ್ನೆಗೆ ಉತ್ತರ ಇದು: 350 ಸಿಸಿಯ ಹಳೆಯ ಮಾದರಿಯ ಬೈಕ್‌ಗಳಲ್ಲಿ ಪಿಕಪ್ ನೋಡಿ ಆರಿಸುವಷ್ಟು ಅಂತರ ಇಲ್ಲ. ಆ ವಾದವನ್ನು ಪಕ್ಕಕ್ಕಿಟ್ಟು ಬೇರೆ ನಾಲ್ಕು ವಿಷಯ ನೋಡಿ.

ಮೊದಲನೆಯದು, ತಾಯಿಯೇ ಷೋರೂಮಿಗೆ ಹೋಗಿ ಹಿಂದೆ ಕುಳಿತು ನೋಡಲಿ. ಸೀಟು ಎಷ್ಟು ಅಗಲ, ಕಾಲು ಎಲ್ಲಿಗೆ ಎಟಕುತ್ತದೆ, ಹಿಡಿಕೆ ಕೈಗೆ ಸಿಗುತ್ತದೆಯೇ, ಸ್ಯಾರಿ ಗಾರ್ಡ್ ಇದೆಯೇ? ಕೆಲವು ಮಾದರಿಗಳಲ್ಲಿ ಹಿಂದಿನ ಸೀಟು ಹೆಸರಿಗೆ ಮಾತ್ರ ಇರುತ್ತದೆ. ಟೆಸ್ಟ್ ರೈಡ್ ಕೊಡುವಾಗಲೂ ಇಬ್ಬರೂ ಕುಳಿತು ಹೋಗಿ ಬನ್ನಿ. ಮಗನಿಗೂ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಎರಡನೆಯದು, ಬ್ರೇಕ್. 125 ಸಿಸಿಗಿಂತ ಹೆಚ್ಚಿನ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ಇದು ತಡೆಯುತ್ತದೆ. ಕೆಲವು ಮಾದರಿಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ಕೆಲವದರಲ್ಲಿ ಎರಡಕ್ಕೂ. ಎರಡೂ ಚಕ್ರಕ್ಕೆ ಇರುವುದನ್ನು ಆರಿಸಿ. ಸೆಕೆಂಡ್ ಹ್ಯಾಂಡ್ ಹಳೆಯ ಬೈಕ್ ಕೊಳ್ಳುವುದಾದರೆ ಅದು ಇಲ್ಲದಿರಬಹುದು ಎಂಬುದನ್ನು ಮರೆಯಬೇಡಿ.

ಮೂರನೆಯದು, ಖರ್ಚು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಎಂಜಿನ್‌ಗೆ 40 ಆಯಿತು. ನಾಲ್ಕುನೂರು ಸಿಸಿಯ ಆಸೆಗೆ ತೆರಬೇಕಾದ ಬೆಲೆಯಲ್ಲಿ ಇದೂ ಸೇರಿದೆ. ಉಳಿಯುವ ಹಣದಲ್ಲಿ ಎರಡು ಒಳ್ಳೆಯ ಐಎಸ್‌ಐ ಗುರುತಿನ ಹೆಲ್ಮೆಟ್ ಬರುತ್ತವೆ.

ನಾಲ್ಕನೆಯದು, ಇರುವ ಪಿಕಪ್ಪನ್ನು ಉಳಿಸಿಕೊಳ್ಳುವುದು. ಗಾಳಿ ಕಡಿಮೆಯಾದ ಟೈರು, ಒಣಗಿದ ಚೈನ್, ಉಜ್ಜುತ್ತಿರುವ ಬ್ರೇಕ್, ಜಾರುವ ಕ್ಲಚ್, ಸುಗ್ಗಿಯ ಧೂಳು ತುಂಬಿದ ಏರ್ ಫಿಲ್ಟರ್, ಇವೆಲ್ಲ ಸೇರಿ ಎರಡು ಕಂಪೆನಿಗಳ ನಡುವಿನ ಅಂತರವನ್ನು ನುಂಗಿಬಿಡಬಲ್ಲವು. ಪಿಕಪ್ ಹೆಚ್ಚಿಸಲು ಸ್ಪ್ರಾಕೆಟ್ ಬದಲಾಯಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಚಕ್ರಕ್ಕೆ ಎಳೆತ ಹೆಚ್ಚಿದಷ್ಟೂ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಓವರ್‌ಟೇಕ್ ಮಾಡುವ ಮೊದಲು ಒಂದು ಗೇರ್ ಇಳಿಸುವುದನ್ನು ಕಲಿತರೆ ಅದೇ ಪಿಕಪ್ ಖರ್ಚಿಲ್ಲದೆ ಸಿಗುತ್ತದೆ.

ಇನ್ನು ಮಗನಿಗೆ ಎರಡು ಮಾತು. ಹಿಂದೆ ಯಾರಾದರೂ ಕುಳಿತಾಗ ನಿನ್ನ ಬೈಕ್ ಬೇರೆಯೇ ಬೈಕ್ ಆಗುತ್ತದೆ. ಒಬ್ಬನೇ ಇದ್ದಾಗ ದಾಟುತ್ತಿದ್ದ ಜಾಗದಲ್ಲಿ ಇಬ್ಬರಿದ್ದಾಗ ದಾಟಬೇಡ, ಟ್ರ್ಯಾಕ್ಟರ್ ಹಿಂದೆಯೇ ಸ್ವಲ್ಪ ದೂರ ಹೋಗು. ಎರಡನೆಯದಾಗಿ, ರೇಸ್ ಕೊಡುವ ಮೊದಲು “ಅಮ್ಮೀ, ಗಟ್ಟಿಯಾಗಿ ಹಿಡಿದುಕೊಳ್ಳಿ” ಎಂದು ಒಂದು ಮಾತು ಹೇಳು. ಇದಕ್ಕೆ ತಗಲುವುದು ಒಂದು ಸೆಕೆಂಡ್.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ಬೈಕ್‌ನಲ್ಲಿ ಸವಾರನಲ್ಲದೆ ಇನ್ನೊಬ್ಬರು ಮಾತ್ರ ಕೂರಬಹುದು ಎನ್ನುತ್ತದೆ ಕಾನೂನು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕರೆದೊಯ್ಯುವಾಗ ಹೆಲ್ಮೆಟ್, ಸವಾರನಿಗೆ ಮಗುವನ್ನು ಬಿಗಿಯುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ, ಈ ಮೂರೂ 2023ರ ಫೆಬ್ರವರಿಯಿಂದ ಕಡ್ಡಾಯ. ಹದಿನೆಂಟು ತುಂಬದ ತಮ್ಮಂದಿರ ಕೈಗೆ ಬೈಕ್‌ನ ಕೀ ಸಿಗದಂತೆ ನೋಡಿಕೊಳ್ಳಿ. 2019ರ ತಿದ್ದುಪಡಿಯ ಪ್ರಕಾರ ಅವರು ಓಡಿಸಿ ತಪ್ಪು ಮಾಡಿದರೆ ಶಿಕ್ಷೆ ತಂದೆತಾಯಿಗೆ, ಇಲ್ಲವೇ ವಾಹನದ ಮಾಲೀಕರಿಗೆ.

ಬೈಕ್ ಯಾವುದೇ ಇರಲಿ, ಅದು ಇಡೀ ಮನೆಯ ವಾಹನ. ಬೆಲೆ ಕೇಳುವ ಹಕ್ಕು ತಂದೆಗೆ ಇರುವಂತೆ, ಬಣ್ಣ ಆರಿಸುವ ಹಕ್ಕು ಮಗನಿಗೆ ಇರುವಂತೆ, ಹಿಂದೆ ಕೂರುವವರಿಗೂ ಹೇಳಲು ಒಂದು ಮಾತಿದೆ. ಖರೀದಿಗೆ ಹೊರಡುವ ದಿನ ಅವರನ್ನೂ ಕರೆದುಕೊಂಡು ಹೋಗಿ.